ಹಳೆ ಪೆಂಟಿಯಂ 3 ಮತ್ತೆ ಕೆಲಸಕ್ಕೆ ಬಂತು: ಕಾಸರಗೋಡಿನ ಒಂದು ರಿಪೇರಿ ಅಂಗಡಿಯ ಬಗ್ಗೆ

ಕಾಸರಗೋಡು ಹಳೆ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ, ಮೊದಲನೇ ಮಾಳಿಗೆಯಲ್ಲಿ ಒಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹೆಸರು ಹಾಕುತ್ತಿಲ್ಲ. ಅಲ್ಲಿ ಕೆಲಸ ಮಾಡುವುದು ಒಬ್ಬರೇ, ಒಮ್ಮೆಲೇ ಜನ ಜಾಸ್ತಿ ಬಂದರೆ ಸುಧಾರಿಸಲು ಆಗುವುದಿಲ್ಲ, "ಬರೆಯುವುದಾದರೆ ಹೆಸರು ಬೇಡ ಅಕ್ಕ" ಅಂತ ಅವರೇ ಹೇಳಿದ್ದಾರೆ. ಪೇಟೆಯಲ್ಲಿ ಯಾರನ್ನಾದರೂ ಕೇಳಿ, ಹಳೆ ರ‍್ಯಾಮ್, ಹಳೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಹುಡುಕಿಕೊಂಡು ಹೋದವರಿಗೆಲ್ಲ ಆ ಅಂಗಡಿ ಗೊತ್ತಿರುತ್ತದೆ. ಇಪ್ಪತ್ತು ವರ್ಷಕ್ಕಿಂತ ಹಳೆಯ ಕಂಪ್ಯೂಟರ್ ಇಟ್ಟುಕೊಂಡು, ಅದರಲ್ಲಿ ಇವತ್ತಿಗೂ ಕೆಲಸ ಇರುವವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬದಿಯಡ್ಕ ಕಡೆ ಒಂದು ಸಣ್ಣ ಡಿಟಿಪಿ ಅಂಗಡಿ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಮಾಡಿಕೊಡುವುದು. ಮಾವನವರು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಆ ಅಂಗಡಿಯಲ್ಲಿ ರಿಪೇರಿ ಮಾಡಿಸಿದ ನಮ್ಮ ಕಂಪ್ಯೂಟರನ್ನು 2000ದ ಕೊನೆಗೆ ಅವರೇ ಜೋಡಿಸಿ ತಂದದ್ದು. ಪೆಂಟಿಯಂ 3 ಪ್ರೊಸೆಸರ್, ಇಂಟೆಲ್ 815 ಚಿಪ್‌ಸೆಟ್ ಇರುವ ಬೋರ್ಡ್, 128 ಎಂಬಿ ರ‍್ಯಾಮ್, 20 ಜಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ 98 ಸೆಕೆಂಡ್ ಎಡಿಷನ್, ಅದರ ಮೇಲೆ ಪುಟ ಜೋಡಿಸುವ ಪೇಜ್‌ಮೇಕರ್ 6.5. ಹೊಸ ಕಂಪ್ಯೂಟರ್ ಬೇರೆ ಇದೆ, ವಿಂಡೋಸ್ 11ರದ್ದು, ಬಿಲ್ಲಿಂಗು, ವಾಟ್ಸಾಪಿನಲ್ಲಿ ಬರುವ ಫೋಟೋ ಕೆಲಸ, ಫ್ಲೆಕ್ಸ್ ಡಿಸೈನು ಎಲ್ಲ ಅದರಲ್ಲೇ.

ಹಾಗಾದರೆ ಹಳೆಯದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಗಿರಾಕಿಗಳು ಬರುವ ರೀತಿಯೇ ಹಾಗೆ. ದೇವಸ್ಥಾನದ ಜಾತ್ರೆಯ ಆಮಂತ್ರಣ, ದೈವದ ನೇಮ, ಭಜನಾ ಮಂದಿರದ ವಾರ್ಷಿಕೋತ್ಸವ, ತಾಳಮದ್ದಳೆಯ ಕರಪತ್ರ, ಉತ್ತರಕ್ರಿಯೆಯ ಕಾಗದ. ಕೈಯಲ್ಲಿ ಹಿಂದಿನ ಸಲದ ಕಾಗದ ಹಿಡಿದುಕೊಂಡೇ ಬರುತ್ತಾರೆ. "ಇದುವೇ ಸಾಕು, ತಾರೀಕು ಬದಲಾಯಿಸಿ, ಮೊಕ್ತೇಸರರ ಹೆಸರು ಬದಲಾಯಿಸಿ" ಅಂತ ಹೇಳಿ ಹೋಗುತ್ತಾರೆ. ಆ ಕಾಗದದ ಮೂಲ ಫೈಲು ಈ ಪೆಟ್ಟಿಗೆಯ ಒಳಗೆ ಇದೆ. ಮಾವನವರು ಫೋಲ್ಡರ್ ಮಾಡಿ ಊರಿನ ಹೆಸರಲ್ಲಿ ಇಟ್ಟಿದ್ದಾರೆ: ನೀರ್ಚಾಲು, ಪೆರ್ಲ, ಮುಳ್ಳೇರಿಯ, ಕುಂಬಳೆ. ಎರಡು ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗಳ ಪುಟಗಳೂ ಅದರಲ್ಲೇ ಇವೆ, ಅವುಗಳಲ್ಲಿ ಊರಿನ ಎಷ್ಟೋ ಹಿರಿಯರು ಬರೆದ ಲೇಖನಗಳಿವೆ, ಬರೆದವರಲ್ಲಿ ಹೆಚ್ಚಿನವರು ಈಗ ಇಲ್ಲ.

ಫೈಲನ್ನು ಹೊಸ ಕಂಪ್ಯೂಟರಿಗೆ ಹಾಕಿಕೊಂಡರೆ ಆಯಿತಲ್ವಾ ಅಂತ ಹೇಳುವವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಆ ಕಾಲದ ಕನ್ನಡ ಡಿಟಿಪಿ ಫಾಂಟುಗಳು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳು ಇರಬೇಕಾದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಮಾಡಿದ್ದು. ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ, ಎಲ್ಲ ಸೇರಿದಾಗ ಕಣ್ಣಿಗೆ ಕನ್ನಡ ಕಾಣುತ್ತದೆ. ಒಂದೊಂದು ಕಂಪನಿಯದ್ದು ಒಂದೊಂದು ಜೋಡಣೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಯುನಿಕೋಡಿಗೆ ಬದಲಾಯಿಸುವ ಕನ್ವರ್ಟರ್‌ಗಳಿವೆ, ನಾನೂ ಬಳಸುತ್ತೇನೆ, ಆದರೆ ಅರ್ಕಾವತ್ತು, ಒತ್ತು ಬರುವ ಕಡೆಗಳಲ್ಲಿ ಎಡವಟ್ಟಾಗಿ ಸಾಲು ಸಾಲು ಕೂತು ತಿದ್ದಬೇಕು, ಮತ್ತೆ ಪುಟದ ವಿನ್ಯಾಸ ಹೇಗೂ ಬರುವುದಿಲ್ಲ. ಇದರ ಮೇಲೆ ಇನ್ನೊಂದು ಗಂಟು: ನಮ್ಮ ಕನ್ನಡ ಲಿಪಿ ಸಾಫ್ಟ್‌ವೇರಿಗೆ ಒಂದು ಡೋಂಗಲ್ ಬೇಕು, ಬೀಗದ ಕೈಯಂಥ ಒಂದು ಸಣ್ಣ ತುಂಡು. ಅದು ಪ್ರಿಂಟರ್ ಚುಚ್ಚುವ ಹಳೆ ಪ್ಯಾರಲಲ್ ಪೋರ್ಟಿಗೆ ಹಾಕುವಂಥದ್ದು. ಅದು ಇಲ್ಲದಿದ್ದರೆ ಕೀಬೋರ್ಡಿನಲ್ಲಿ ಕನ್ನಡವೇ ಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಈ ಕಂಪ್ಯೂಟರ್ ಕೈಕೊಡಲು ಶುರು ಮಾಡಿತು. ಮೊದಲು ಕೆಲಸದ ನಡುವೆ ಹ್ಯಾಂಗ್ ಆಗುವುದು. ಆಮೇಲೆ ಬೆಳಗ್ಗೆ ಎರಡು ಮೂರು ಸಲ ಸ್ವಿಚ್ ಹಾಕಿದರೆ ಮಾತ್ರ ಏಳುವುದು. ಕೊನೆಗೆ ಫ್ಯಾನ್ ತಿರುಗುತ್ತದೆ, ಲೈಟ್ ಹೊತ್ತುತ್ತದೆ, ಸ್ಕ್ರೀನಿನಲ್ಲಿ ಏನೂ ಇಲ್ಲ. ನಮ್ಮಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗೋಡೆಯೇ ಬೆವರುತ್ತದೆ, ಕಬ್ಬಿಣದ ಯಾವುದಕ್ಕೂ ತುಕ್ಕು ಹಿಡಿಯದೆ ಇರುವುದಿಲ್ಲ, ಅದು ಮುಗಿದು ತುಲಾ ತಿಂಗಳು (ಅಕ್ಟೋಬರ್-ನವೆಂಬರ್) ಬಂದರೆ ಸಂಜೆ ಸಂಜೆ ಸಿಡಿಲು. ಹಾಗಾಗಿ ಸಿಡಿಲಿಗೆ ಹೋಗಿರಬೇಕು ಅಂತಲೇ ಎಲ್ಲರೂ ಹೇಳಿದ್ದು.

ಮೊದಲು ತೋರಿಸಿದ ಕಡೆ, ಅದು ಕಾಸರಗೋಡಿನದ್ದಲ್ಲ, ಬೇರೆ ಪೇಟೆಯ ದೊಡ್ಡ ಅಂಗಡಿ, ಕ್ಯಾಬಿನೆಟ್ ಬಿಚ್ಚಿ ಟಾರ್ಚ್ ಹಾಕಿ ನೋಡಿ "ಮದರ್‌ಬೋರ್ಡ್ ಹೋಗಿದೆ" ಅಂದರು. ಡೋಂಗಲನ್ನು ಅವರ ಬೇರೊಂದು ಹಳೆ ಕಂಪ್ಯೂಟರಿಗೆ ಹಾಕಿ ನೋಡಿ ಅದೂ ಸತ್ತಿದೆ ಅಂದರು. ಇನ್ನು ಇದಕ್ಕೆ ಯಾರೂ ದುಡ್ಡು ಹಾಕುವುದಿಲ್ಲ ಮೇಡಂ, ಡಾಟಾ ಬೇಕಾದರೆ ತೆಗೆದುಕೊಡುತ್ತೇವೆ, ಹೊಸ ಸೆಟ್ಟಿಗೆ 35,000 ಆಗುತ್ತದೆ ಅಂತ ಕೊಟೇಶನ್ ಕೊಟ್ಟರು. ಕಂಪ್ಯೂಟರಿನಲ್ಲಿ ನೀವು ಏನು ಕೆಲಸ ಮಾಡುತ್ತೀರಿ ಅಂತ ಒಂದು ಮಾತು ಕೇಳಲಿಲ್ಲ. ನನಗೆ ಬೇಜಾರಾದದ್ದು ಅದೇ.

ಕಾಸರಗೋಡಿನ ಈ ಅಣ್ಣ ಮೊದಲು ಕೇಳಿದ್ದೇ ಅದು. ಇದರಲ್ಲಿ ಏನು ಕೆಲಸ, ಯಾವ ಸಾಫ್ಟ್‌ವೇರ್, ಅದರ ಸಿಡಿ ಇದೆಯಾ, ಡೋಂಗಲ್ ತಂದಿದ್ದೀರಾ, ಪ್ರಿಂಟ್ ಎಲ್ಲಿಂದ ಕೊಡುತ್ತೀರಿ, ಕೊನೆಯ ಸಲ ಸರಿಯಾಗಿ ಓಡಿದ್ದು ಯಾವಾಗ. ಒಂದು ಹಳೆ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡರು. ಮಾತು ಕನ್ನಡದಲ್ಲಿ, ನಡುವೆ ಫೋನ್ ಬಂದರೆ ಮಲಯಾಳದಲ್ಲಿ, ಪಕ್ಕದ ಅಂಗಡಿಯವರು ಬಂದರೆ ತುಳುವಿನಲ್ಲಿ. ಕ್ಯಾಬಿನೆಟ್ ಬಿಚ್ಚುವ ಮೊದಲೇ ಒಂದು ಮಾತು ಹೇಳಿದರು: ನಾನು ಬೋರ್ಡಿಗೆ ಕೈ ಹಾಕುವ ಮುಂಚೆ ಡಿಸ್ಕಿನ ಕಾಪಿ ತೆಗೆಯುತ್ತೇನೆ, ಅದು ಆಗದಿದ್ದರೆ ಉಳಿದದ್ದು ಮಾಡುವುದಿಲ್ಲ, ಬೋರ್ಡ್ ಬೇರೆ ಸಿಗಬಹುದು, ನಿಮ್ಮ ಫೈಲು ಸಿಗುವುದಿಲ್ಲ. ಈ ಒಂದು ಮಾತಿಗೆ ನಾನು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಂದೆ.

ಡಿಸ್ಕ್ ಕಾಪಿಯ ಬಗ್ಗೆ ಹೇಳಿಬಿಡುತ್ತೇನೆ. ಹಳೆ ಐಡಿಇ (ಅಗಲ ಪಟ್ಟಿ ಕೇಬಲಿನ) ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿನಿಂದ ಅವರ ಲಿನಕ್ಸ್ (ವಿಂಡೋಸಿನ ಹಾಗೆ ಇನ್ನೊಂದು ವ್ಯವಸ್ಥೆ) ಕಂಪ್ಯೂಟರಿಗೆ ಸಿಕ್ಕಿಸಿ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಓಡಿಸಿದರು. ಸುಮ್ನೆ ಫೈಲ್ ಕಾಪಿ ಮಾಡಿದರೆ ಕೆಟ್ಟ ಜಾಗ ಬಂದಲ್ಲಿ ಅದು ಅಲ್ಲೇ ಸಿಕ್ಕಿಹಾಕಿಕೊಂಡು ಡಿಸ್ಕನ್ನು ಮತ್ತೆ ಮತ್ತೆ ಉಜ್ಜುತ್ತದೆ. ಇದು ಹಾಗಲ್ಲ, ಮೊದಲು ಒಳ್ಳೆಯ ಜಾಗವನ್ನೆಲ್ಲ ಬೇಗ ಬೇಗ ಓದಿ ಇಟ್ಟುಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ವಾಪಸ್ ಬರುತ್ತದೆ, ಎಲ್ಲಿಯವರೆಗೆ ಆಯಿತು ಅಂತ ಒಂದು ಫೈಲಿನಲ್ಲಿ ಗುರುತು ಇಡುತ್ತದೆ, ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಅನ್ನುವ ಸರ್ಕಾರಿ ಯೋಜನೆಯ ಕಾಲದಿಂದ ಮಕ್ಕಳು ಕಲಿಯುವುದು ಲಿನಕ್ಸಿನಲ್ಲೇ, ಹಾಗಾಗಿ ಇಲ್ಲಿಯ ರಿಪೇರಿಯವರಿಗೆ ಲಿನಕ್ಸ್ ಅಂದರೆ ಭಯ ಇಲ್ಲ. ಇದು ನಮ್ಮ ಜಿಲ್ಲೆಯ ಒಂದು ಅನುಕೂಲ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಇನ್ನು ಬೋರ್ಡ್. ಹೋಗಿದ್ದದ್ದು ಕೆಪಾಸಿಟರ್‌ಗಳು. 1999ರ ಹೊತ್ತಿನಿಂದ 2007ರವರೆಗೆ ಬಂದ ಎಷ್ಟೋ ಬೋರ್ಡುಗಳಲ್ಲಿ ಇದೇ ರೋಗ, ಕೆಟ್ಟ ದ್ರವ ತುಂಬಿದ ಕೆಪಾಸಿಟರ್‌ಗಳು ಲೋಕದಾದ್ಯಂತ ಹೋದವು. ಅವರು ನನಗೆ ಭೂತಗನ್ನಡಿ ಕೊಟ್ಟು ತೋರಿಸಿದರು. ಪ್ರೊಸೆಸರಿನ ಬದಿಯಲ್ಲಿ ಸಾಲಾಗಿ ನಿಂತ ಸಣ್ಣ ಡಬ್ಬಿಗಳು, ತಲೆಯ ಮೇಲೆ ಅಡ್ಡ ಗೀರು ಹಾಕಿದ್ದು, ಒಳ್ಳೆಯದಿದ್ದರೆ ಆ ತಲೆ ಚಪ್ಪಟೆ ಇರಬೇಕು. ನಮ್ಮದರಲ್ಲಿ ಆರು ಉಬ್ಬಿಕೊಂಡು ನಿಂತಿದ್ದವು, ಎರಡರ ಗೀರು ಬಿರಿದು ಕಂದು ಬಣ್ಣದ ಪುಡಿ ಹೊರಗೆ ಬಂದು ಒಣಗಿತ್ತು, ಒಂದರ ಬುಡದಲ್ಲಿ ಬೋರ್ಡಿನ ಮೇಲೆಯೇ ಕಲೆ. ಪ್ರೊಸೆಸರಿಗೆ ಬೇಕಾದದ್ದು ಸುಮಾರು 1.7 ವೋಲ್ಟ್ ಮಾತ್ರ, ಅದೂ ಸ್ವಲ್ಪವೂ ಅಲುಗಾಡಬಾರದು. ಆ ಅಲುಗಾಟವನ್ನು ನುಂಗುವುದು ಈ ಡಬ್ಬಿಗಳ ಕೆಲಸ. ಇವು ಒಣಗಿದರೆ ಮೊದಲು ಹ್ಯಾಂಗ್, ಆಮೇಲೆ ಥಂಡಿಯಲ್ಲಿ ಏಳದೆ ಇರುವುದು, ಕೊನೆಗೆ ಪೂರ್ತಿ ಕತ್ತಲು. ನಮ್ಮ ಕಂಪ್ಯೂಟರ್ ನಡೆದುಕೊಂಡದ್ದು ಇದೇ ಕ್ರಮದಲ್ಲಿ. ಸಿಡಿಲಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಅವರು ಅವುಗಳನ್ನು ಬದಲಾಯಿಸುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಮೊದಲು ಮೊಬೈಲಿನಲ್ಲಿ ಬೋರ್ಡಿನ ಫೋಟೋ ತೆಗೆದರು, ಯಾವ ಡಬ್ಬಿಯ ಮೈನಸ್ ಪಟ್ಟೆ ಯಾವ ಕಡೆಗೆ ಅಂತ ಗೊತ್ತಾಗಲಿಕ್ಕೆ. ತಿರುಗಾ ಮುರುಗಾ ಹಾಕಿದರೆ ಕರೆಂಟ್ ಕೊಟ್ಟಾಗ ಸಿಡಿಯಬಹುದು. ಮದರ್‌ಬೋರ್ಡಿನ ಒಳಗೆ ತಾಮ್ರದ ಪದರಗಳು ಇರುವುದರಿಂದ ಬಿಸಿಯನ್ನು ಅದು ಎಳೆದುಕೊಂಡುಬಿಡುತ್ತದೆ, ರೇಡಿಯೋ ರಿಪೇರಿಯ ಸಣ್ಣ ಸೋಲ್ಡರಿಂಗ್ ಕಡ್ಡಿಯಲ್ಲಿ ಹಳೆ ಸೀಸ ಕರಗುವುದೇ ಇಲ್ಲ. ಇವರು ಹಳೆ ಬೆಸುಗೆಯ ಮೇಲೆ ಸ್ವಲ್ಪ ಹೊಸ ಬೆಸುಗೆ ಸೇರಿಸಿ, ಒಂದು ಕಾಲು ಬಿಸಿ ಮಾಡಿ ಡಬ್ಬಿಯನ್ನು ಒಂದು ಬದಿಗೆ ವಾಲಿಸಿ, ಮತ್ತೊಂದು ಕಾಲು ಬಿಸಿ ಮಾಡಿ ಇನ್ನೊಂದು ಬದಿಗೆ ವಾಲಿಸಿ, ಹೀಗೆ ನಿಧಾನಕ್ಕೆ ಎಬ್ಬಿಸಿ ತೆಗೆದರು. ಎಲ್ಲೂ ಎಳೆಯಲಿಲ್ಲ. ಎಳೆದರೆ ತೂತಿನ ಒಳಗಿನ ತಾಮ್ರವೂ ಕಿತ್ತು ಬರುತ್ತದಂತೆ, ಆಮೇಲೆ ಬೋರ್ಡ್ ನಿಜಕ್ಕೂ ಹೋದ ಹಾಗೆ. ತೂತಿನಲ್ಲಿ ಉಳಿದದ್ದನ್ನು ಕರಗಿಸಿ ಸ್ಟೀಲಿನ ಸೂಜಿ ತೂರಿಸಿ ಬಿಡಿಸಿದರು.

ಹೊಸತು ಹಾಕುವಾಗಲೂ ಲೆಕ್ಕ ಇದೆ. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಬಹುದು, 105 ಡಿಗ್ರಿಯದ್ದೇ ಆಗಬೇಕು, ಎಲ್ಲಕ್ಕಿಂತ ಮುಖ್ಯ, ಒಳಗಿನ ಪ್ರತಿರೋಧ ಕಡಿಮೆ ಇರುವ ಲೋ ಇಎಸ್‌ಆರ್ ಆಗಬೇಕು. ಟಿವಿ ರಿಪೇರಿಯವರಲ್ಲಿ ಸಿಗುವ ಸಾಧಾರಣ ಕೆಪಾಸಿಟರ್ ಹಾಕಿದರೆ ಕಂಪ್ಯೂಟರ್ ಏಳುತ್ತದೆ, ಸ್ವಲ್ಪ ದಿನದಲ್ಲಿ ಬಿಸಿಯಾಗಿ ಅದೂ ಉಬ್ಬುತ್ತದೆ. ಉಬ್ಬಿದ ಆರು ಮಾತ್ರ ಅಲ್ಲ, ಅದೇ ಕಂಪನಿಯ, ನೋಡಲು ಒಳ್ಳೆಯದೇ ಇದ್ದ ಉಳಿದವನ್ನೂ ಬದಲಾಯಿಸಿದರು. ತೆಗೆದದ್ದನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನಗೆ ಕೊಟ್ಟರು. ಈ ಕೆಲಸಕ್ಕೆ ಸಾಮಾನು ಸೇರಿ 900 ರೂಪಾಯಿ.

ಎಸ್‌ಎಂಪಿಎಸ್ ವಿಷಯದಲ್ಲಿ ನನಗೆ ಹೊಸತಾಗಿ ಗೊತ್ತಾದದ್ದು ಒಂದಿದೆ. ಈಗ ಅಂಗಡಿಯಲ್ಲಿ ಸಿಗುವ ಎಸ್‌ಎಂಪಿಎಸ್‌ಗಳು 12 ವೋಲ್ಟಿನ ಲೈನಿನಲ್ಲಿ ಗಟ್ಟಿ, 5 ವೋಲ್ಟಿನಲ್ಲಿ ಬಡಕಲು. ಪೆಂಟಿಯಂ 3 ಕಾಲದ ಬೋರ್ಡುಗಳು ಪ್ರೊಸೆಸರಿಗೆ ಬೇಕಾದ ಶಕ್ತಿಯನ್ನು ಹೆಚ್ಚಾಗಿ 5 ವೋಲ್ಟಿನಿಂದಲೇ ತೆಗೆದುಕೊಳ್ಳುತ್ತವೆ. ಹಾಗಾಗಿ ಡಬ್ಬಿಯ ಮೇಲೆ 450 ವ್ಯಾಟ್ ಅಂತ ಬರೆದದ್ದನ್ನು ನೋಡಿ ತರಬೇಡಿ, ಬದಿಯ ಲೇಬಲ್ಲಿನಲ್ಲಿ 5 ವೋಲ್ಟಿಗೆ ಎಷ್ಟು ಆಂಪ್ ಅಂತ ಇದೆ, ಅದನ್ನು ಓದಿ. 24 ಪಿನ್ನಿನ ಕನೆಕ್ಟರಿನಲ್ಲಿ 4 ಪಿನ್ ಬೇರೆ ಮಾಡಲು ಬರುವಂಥದ್ದಾದರೆ ಹಳೆ 20 ಪಿನ್ನಿನ ಬೋರ್ಡಿಗೆ ಆಗುತ್ತದೆ. ನಮಗೆ ಹಾಕಿದ್ದಕ್ಕೆ 1,100 ಆಯಿತು, ಮಲ್ಟಿಮೀಟರ್ ಇಟ್ಟು ಎಲ್ಲ ಲೈನ್ ತೋರಿಸಿಯೇ ಕೊಟ್ಟರು.

ಹಾರ್ಡ್‌ಡಿಸ್ಕಿನ ಜಾಗಕ್ಕೆ ಈಗ 120 ಜಿಬಿ ಎಸ್‌ಎಸ್‌ಡಿ ಕೂತಿದೆ, ನಡುವೆ ಐಡಿಇಯಿಂದ ಹೊಸ ಕ್ರಮದ ಸಾಟಾಗೆ ಬದಲಾಯಿಸುವ ಸಣ್ಣ ಅಡಾಪ್ಟರ್. ಎರಡೂ ಸೇರಿ 1,800. 120ರದ್ದೇ ಯಾಕೆ ಅಂದರೆ ಆ ಕಾಲದ ವ್ಯವಸ್ಥೆಗೆ 137 ಜಿಬಿಗಿಂತ ಆಚೆಯ ವಿಳಾಸ ಲೆಕ್ಕ ಹಾಕಲು ಬರುವುದಿಲ್ಲ. ಅದಕ್ಕಿಂತ ದೊಡ್ಡದು ಹಾಕಿದರೆ ಕೆಲವು ದಿನ ಸರಿ ಇದ್ದು, ಡಿಸ್ಕ್ ತುಂಬುತ್ತಾ ಗೆರೆ ದಾಟಿದಾಗ ಮೊದಲಿನ ಫೈಲುಗಳ ಮೇಲೆಯೇ ಬರೆದು ಹಾಳು ಮಾಡಬಹುದು. ಬೋರ್ಡಿನಲ್ಲೇ ಇದ್ದು ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಮಿಗೆ ಬಯೋಸ್ ಅನ್ನುತ್ತಾರೆ, ಇನ್ನೂ ಹಳೆಯ ಕೆಲವು ಬಯೋಸ್‌ಗಳು 32 ಜಿಬಿಯಲ್ಲೇ ನಿಂತುಬಿಡುತ್ತವೆ, ಅಂಥದ್ದಕ್ಕೆ ಸಿಎಫ್ ಕಾರ್ಡ್ ಒಳ್ಳೆಯದು ಅಂದರು, ಕ್ಯಾಮರಾದಲ್ಲಿ ಹಾಕುತ್ತಿದ್ದ ಆ ಕಾರ್ಡಿಗೆ ಐಡಿಇ ಭಾಷೆ ಹುಟ್ಟಿನಿಂದಲೇ ಬರುತ್ತದೆ, ಬರೀ ಪಿನ್ ಬದಲಾಯಿಸುವ ಪಟ್ಟಿ ಸಾಕು. ನಮ್ಮದರಲ್ಲಿ ಹಳೆ 20 ಜಿಬಿಯ ಕಾಪಿಯನ್ನು ಹಾಗೆಯೇ ಇಳಿಸಿ, ಉಳಿದ ಜಾಗ ಮುಟ್ಟದೆ ಬಿಟ್ಟಿದ್ದಾರೆ. ಆ ಖಾಲಿ ಜಾಗ ಇದ್ದರೆ ಎಸ್‌ಎಸ್‌ಡಿಗೆ ಉಸಿರಾಡಲಿಕ್ಕಾಗುತ್ತದೆ, ಯಾಕೆಂದರೆ ಅಳಿಸಿದ ಜಾಗ ಯಾವುದು ಅಂತ ಡಿಸ್ಕಿಗೆ ಹೇಳುವ ಟ್ರಿಮ್ ಸೌಲಭ್ಯ 98ಕ್ಕೆ ಇಲ್ಲ. ಕೇಬಲ್ ಕೂಡ ಬದಲಾಯಿಸಿದರು, 40 ಎಳೆಯದ್ದು ತೆಗೆದು 80 ಎಳೆಯದ್ದು. ಡಿಸ್ಕ್ ಬೇಗ ಓದಲಿ ಅಂತ ಡಿವೈಸ್ ಮ್ಯಾನೇಜರಿನಲ್ಲಿ ಡಿಎಂಎ ಅನ್ನುವ ಚೌಕಕ್ಕೆ ಟಿಕ್ ಹಾಕಿದರು. ಮೊದಲು ಪೇಜ್‌ಮೇಕರ್ ತೆರೆಯಲು ಕೊಟ್ಟು ನಾನು ಬೇರೆ ಕೆಲಸಕ್ಕೆ ಏಳುತ್ತಿದ್ದೆ, ಈಗ ಕುರ್ಚಿ ಎಳೆದು ಕೂರುವಷ್ಟರಲ್ಲಿ ತೆರೆದಿರುತ್ತದೆ.

ರ‍್ಯಾಮ್ 512 ಎಂಬಿ ಮಾಡಿಸಿದೆ, 256ರ ಎರಡು ಕಡ್ಡಿ, ಗುಜರಿಯಿಂದ ಆರಿಸಿ ತಂದು ರಾತ್ರಿಯಿಡೀ ತಪ್ಪು ಹುಡುಕುವ ಮೆಮ್‌ಟೆಸ್ಟ್ ಓಡಿಸಿದ್ದು, 600 ರೂಪಾಯಿ. 815 ಚಿಪ್‌ಸೆಟ್ಟಿಗೆ ಅದೇ ಗರಿಷ್ಠ, ವಿಂಡೋಸ್ 98 ಕೂಡ ಅದರ ಮೇಲೆ ಹೋದರೆ ತಕರಾರು ಶುರು ಮಾಡುತ್ತದೆ. ನಿಮ್ಮದು ಇನ್ನೂ ಹಳೆಯ 440ಬಿಎಕ್ಸ್ ಬೋರ್ಡ್ ಆದರೆ 16 ಚಿಪ್ ಇರುವ 256ನ್ನೇ ಕೇಳಿ ತೆಗೆದುಕೊಳ್ಳಿ, 8 ಚಿಪ್ಪಿನದ್ದು ಹಾಕಿದರೆ ಅರ್ಧವೇ ಕಾಣುತ್ತದೆ.

ಈಗ ಡೋಂಗಲ್. ಸತ್ತಿದೆ ಅಂತ ಹೇಳಿ ಕಳಿಸಿದ್ದರಲ್ಲ, ಅದಕ್ಕೆ ಏನೂ ಆಗಿರಲಿಲ್ಲ. ಬೋರ್ಡ್ ಎದ್ದ ಮೇಲೆ ಇವರೂ ಹಾಕಿ ನೋಡಿದರು, ಲಾಕ್ ಸಿಗಲಿಲ್ಲ ಅಂತಲೇ ಬಂತು. ಬೋರ್ಡಿನ ಮೇಲಿನ ಬಟನ್ ಸೆಲ್, ಸಿಆರ್2032, ಖಾಲಿಯಾಗಿ ಬಯೋಸಿನ ಸೆಟ್ಟಿಂಗು ಪೂರ್ತಿ ಅಳಿಸಿಹೋಗಿತ್ತು, ತಾರೀಕು 2000ಕ್ಕೆ ವಾಪಸ್ ಹೋಗಿತ್ತು. ಅದರ ಜೊತೆ ಪ್ಯಾರಲಲ್ ಪೋರ್ಟಿನ ಮೋಡ್ ಕೂಡ ಬದಲಾಗಿತ್ತು. ಹೊಸ ಸೆಲ್ ಹಾಕಿ, ಪೋರ್ಟಿನ ವಿಳಾಸ 378 ಅಂತ ಖಚಿತ ಮಾಡಿಕೊಂಡು, ಮೋಡನ್ನು ಇಸಿಪಿಯಿಂದ ಇಪಿಪಿಗೆ ತಂದರು. ಪೇಜ್‌ಮೇಕರಿನಲ್ಲಿ ಕೀ ಒತ್ತಿದಾಗ ಕನ್ನಡ ಬಂತು. ನಾನು ಮೊದಲು ಟೈಪ್ ಮಾಡಿದ್ದು ಮಾವನವರ ಹೆಸರು.

ಯುಎಸ್‌ಬಿಯಿಂದ ಪ್ಯಾರಲಲ್ ಮಾಡುವ ವಯರ್ ಸಿಗುತ್ತದಲ್ವಾ, ಅದರಲ್ಲಿ ಹೊಸ ಕಂಪ್ಯೂಟರಿಗೇ ಡೋಂಗಲ್ ಹಾಕಬಹುದಾ ಅಂತ ಕೇಳಿದೆ. ಆ ವಯರ್ ಪ್ರಿಂಟರಿಗೆ ಮಾತ್ರ ಅಂತೆ. ಡೋಂಗಲ್ಲಿನ ಸಾಫ್ಟ್‌ವೇರ್ ಪೋರ್ಟಿನ ಜೊತೆ ನೇರವಾಗಿ ಮಾತಾಡುತ್ತದೆ, ನಡುವೆ ಯುಎಸ್‌ಬಿ ಬಂದರೆ ಅದಕ್ಕೆ ಪೋರ್ಟೇ ಕಾಣುವುದಿಲ್ಲ. ಹೊಸ ಬೋರ್ಡಿಗೆ ಹಾಕುವ ಪ್ಯಾರಲಲ್ ಕಾರ್ಡ್‌ಗಳೂ ಹೆಚ್ಚಾಗಿ 378ರ ಹಳೆ ವಿಳಾಸದಲ್ಲಿ ಕೂರುವುದಿಲ್ಲ. ವರ್ಚುವಲ್ ಮಷೀನ್ (ಹೊಸ ಕಂಪ್ಯೂಟರಿನೊಳಗೇ ಓಡುವ ನಕಲಿ ಕಂಪ್ಯೂಟರ್) ಮಾಡಿ 98 ಓಡಿಸಿ ಅಂತ ನನಗೆ ಬಹಳ ಜನ ಸಲಹೆ ಕೊಟ್ಟಿದ್ದಾರೆ, ಅವರಿಗೆಲ್ಲ ಇದೇ ಉತ್ತರ.

ನೆಟ್‌ವರ್ಕ್ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಮೊದಲೆಲ್ಲ ನಾನು ಫೈಲನ್ನು ಸಿಡಿಯಲ್ಲಿ ಬರೆದು ಹೊಸದಕ್ಕೆ ಹಾಕುತ್ತಿದ್ದೆ. 98ಕ್ಕೆ ಪೆನ್‌ಡ್ರೈವ್ ಚುಚ್ಚಿದರೆ ಡ್ರೈವರ್ ಇಲ್ಲದೆ ಕಾಣುವುದಿಲ್ಲ. ಇವರು ರಿಯಲ್‌ಟೆಕ್ 8139 ಚಿಪ್ಪಿನ ಒಂದು ಹಳೆ ಪಿಸಿಐ ಲ್ಯಾನ್ ಕಾರ್ಡ್ ಹಾಕಿದರು, 200 ರೂಪಾಯಿಗೆ. ಅದಕ್ಕೆ 98ರ ಡ್ರೈವರ್ ಸುಲಭವಾಗಿ ಸಿಗುತ್ತದೆ. ಕಾರ್ಡ್ ಹಾಕಿದ ಮಾತ್ರಕ್ಕೆ ಎರಡು ಕಂಪ್ಯೂಟರ್ ಒಂದನ್ನೊಂದು ನೋಡುವುದಿಲ್ಲ. 98ಕ್ಕೆ ಗೊತ್ತಿರುವ ಫೈಲ್ ಶೇರಿಂಗ್ ಎಸ್‌ಎಂಬಿ 1, ಅದನ್ನು ಮೈಕ್ರೋಸಾಫ್ಟ್ 2017ರ ಕೊನೆಯಿಂದ ವಿಂಡೋಸ್ 10ರಲ್ಲಿ ಮೊದಲೇ ಹಾಕಿ ಕೊಡುವುದನ್ನು ನಿಲ್ಲಿಸಿತು. ಸೆಟ್ಟಿಂಗಿಗೆ ಹೋಗಿ ವಾಪಸ್ ಹಾಕಿಸಿಕೊಳ್ಳಬಹುದು, ಎಷ್ಟೋ ಕಡೆ ಹಾಗೆಯೇ ಮಾಡಿಕೊಡುತ್ತಾರೆ.

ಇವರು ಮಾಡಲಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದದ್ದು ಆ ಎಸ್‌ಎಂಬಿ 1ರ ತೂತಿನಿಂದಲೇ. ಕೇರಳದಲ್ಲಿ ವಯನಾಡಿನ ಪಂಚಾಯತ್ ಕಚೇರಿಯ ಕಂಪ್ಯೂಟರುಗಳಿಗೂ ತಗಲಿತ್ತು. ನಿಮ್ಮ ಹೊಸ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಇದೆ, ಹಳೆಯದಕ್ಕಾಗಿ ಅದರ ಬಾಗಿಲು ತೆಗೆದಿಡಲು ನನಗೆ ಮನಸ್ಸಿಲ್ಲ ಅಂದರು. ಅದರ ಬದಲು ಹೊಸ ಕಂಪ್ಯೂಟರಿನಲ್ಲಿ ಫೈಲ್‌ಝಿಲ್ಲಾ ಸರ್ವರ್ ಹಾಕಿ, ಒಂದೇ ಒಂದು ಫೋಲ್ಡರಿಗೆ, ಫೈಲು ಸಾಗಿಸುವ ಹಳೆ ಕ್ರಮವಾದ ಎಫ್‌ಟಿಪಿ ಕೊಟ್ಟರು. ಫೈರ್‌ವಾಲಿನಲ್ಲಿ ಹಳೆ ಕಂಪ್ಯೂಟರಿನ ಐಪಿ ವಿಳಾಸಕ್ಕೆ ಮಾತ್ರ ಒಪ್ಪಿಗೆ. ಹಳೆಯದಕ್ಕೆ ಐಪಿ ಕೈಯಲ್ಲೇ ಹಾಕಿ, ಗೇಟ್‌ವೇ ಜಾಗ ಖಾಲಿ ಬಿಟ್ಟರು. ಗೇಟ್‌ವೇ ಇಲ್ಲದಿದ್ದರೆ ಅದಕ್ಕೆ ಮನೆಯೊಳಗಿನ ದಾರಿ ಮಾತ್ರ ಗೊತ್ತು, ಇಂಟರ್‌ನೆಟ್ಟಿಗೆ ಹೋಗಲು ಆಗುವುದಿಲ್ಲ. 98ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2006ರ ಜುಲೈಯಲ್ಲೇ ನಿಂತಿದೆ, ಅದನ್ನು ಹೊರಗೆ ಬಿಡುವುದು ಬೇಡವೇ ಬೇಡ.

ನನ್ನ ಕಡೆಯಿಂದ ಕೆಲಸ ಅಂದರೆ ಡೆಸ್ಕ್‌ಟಾಪಿನ ಒಂದು ಐಕಾನ್ ಎರಡು ಸಲ ಒತ್ತುವುದು. ಅದರ ಹಿಂದೆ ಒಂದು ಬ್ಯಾಚ್ ಫೈಲ್ ಇದೆ, 98ರ ಜೊತೆಗೇ ಬರುವ ಎಫ್‌ಟಿಪಿ ಕಮಾಂಡನ್ನು ಓಡಿಸಿ "ಹೊರಗೆ" ಅನ್ನುವ ಫೋಲ್ಡರಿನಲ್ಲಿ ಇರುವುದನ್ನೆಲ್ಲ ಹೊಸದಕ್ಕೆ ಕಳಿಸುತ್ತದೆ. ನೀವೇ ಮಾಡಿಕೊಳ್ಳುವುದಾದರೆ ಒಂದು ಮಾತು ನೆನಪಿಡಿ, ಆ ಕಮಾಂಡ್ ತಾನಾಗಿ ಫೈಲನ್ನು ಬರೀ ಪಠ್ಯ ಅಂತ ತಿಳಿದು ಕಳಿಸುತ್ತದೆ. ಮೊದಲು ಬೈನರಿ ಅಂತ ಹೇಳಬೇಕು, ಇಲ್ಲದಿದ್ದರೆ ಪೇಜ್‌ಮೇಕರ್ ಫೈಲು, ಪಿಡಿಎಫ್ ಯಾವುದೂ ಆ ಕಡೆ ತೆರೆಯುವುದಿಲ್ಲ. ಹೊಸ ಫೈಲ್‌ಝಿಲ್ಲಾ ಸರ್ವರ್ ಗೂಢಲಿಪಿ ಇಲ್ಲದ ಸಾದಾ ಎಫ್‌ಟಿಪಿಯನ್ನು ಒಪ್ಪುವ ಹಾಗೆ ಸೆಟ್ಟಿಂಗ್ ಕೂಡ ಬದಲಾಯಿಸಬೇಕು, 98ಕ್ಕೆ ಬೇರೆ ಬರುವುದಿಲ್ಲ. ಹಳೆ ಕಂಪ್ಯೂಟರ್ ನಾಲ್ಕೈದು ಇದ್ದರೆ ನಡುವೆ ಒಂದು ಲಿನಕ್ಸ್ ಪೆಟ್ಟಿಗೆ ಇಟ್ಟು ಫೈಲ್ ಶೇರಿಂಗಿನ ಸಾಂಬಾ ಪ್ರೋಗ್ರಾಂ ಹಾಕುವುದು ವಾಸಿ ಅಂತ ಅವರ ಅಭಿಪ್ರಾಯ. ನಮಗೆ ಇದೇ ಧಾರಾಳ. ಈ ನೆಟ್‌ವರ್ಕ್ ಕೆಲಸಕ್ಕೆ 500 ತೆಗೆದುಕೊಂಡರು.

ಈಗ ನಮ್ಮ ಕ್ರಮ ಹೀಗೆ. ಹಳೆಯದರಲ್ಲಿ ತಾರೀಕು, ಹೆಸರು ತಿದ್ದಿ, ಡಿಸ್ಟಿಲ್ಲರ್ ಅನ್ನುವ ಪ್ರೋಗ್ರಾಮಿನಲ್ಲಿ ಪಿಡಿಎಫ್ ಮಾಡಿ, ಐಕಾನ್ ಒತ್ತಿ ಹೊಸದಕ್ಕೆ ಕಳಿಸಿ, ಅಲ್ಲಿಂದ ಪ್ರೆಸ್ಸಿಗೆ. ಪಿಡಿಎಫ್‌ನೊಳಗೆ ಫಾಂಟು ಸೇರಿಸಿದ್ದರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಸರಿಯಾಗಿಯೇ ಕಾಣುತ್ತದೆ. ಅದರಿಂದ ಪಠ್ಯ ಕಾಪಿ ಮಾಡಲು ಹೋದರೆ ಮಾತ್ರ ಅದೇ ಚಿಹ್ನೆಗಳ ರಾಶಿ.

ಸರಿ ಕಾಣದ್ದನ್ನೂ ಬರೆಯಬೇಕು. ಹೇಳಿದ ದಿನಕ್ಕೆ ಕೆಲಸ ಆಗುವುದಿಲ್ಲ. ಒಳ್ಳೆಯ ಕೆಪಾಸಿಟರ್ ಹೊರಗಿನಿಂದ ತರಿಸಬೇಕು, ಅದು ಬರುವವರೆಗೆ ಪೆಟ್ಟಿಗೆ ಅಲ್ಲೇ ಬಿದ್ದಿರುತ್ತದೆ, ನಡುವೆ ಫೋನ್ ಮಾಡಿದರೆ ಹೆಚ್ಚಾಗಿ ಎತ್ತುವುದಿಲ್ಲ. ಕೈಯಲ್ಲಿ ಬೆಸುಗೆ ಇರುವಾಗ ಎತ್ತಲಿಕ್ಕೆ ಆಗುವುದಿಲ್ಲ ಅನ್ನುವುದು ನಿಜವೇ, ಆದರೆ ಸಂಜೆ ಒಂದು ಮೆಸೇಜ್ ಹಾಕಬಹುದಲ್ವಾ. ಜಾತ್ರೆ ಸೀಸನ್ ಹತ್ತಿರ ಬಂದಾಗ ಹೀಗೆ ಕಾಯುವುದು ಕಷ್ಟ. ಜಿಎಸ್‌ಟಿ ಬಿಲ್ ಇಲ್ಲ, ಕೈಬರಹದ ಚೀಟಿ ಮಾತ್ರ. ಶಾಲೆ, ಸೊಸೈಟಿ, ಆಫೀಸಿನವರಿಗೆ ಇದು ತೊಂದರೆಯಾಗುತ್ತದೆ. ಕಡಿದಾದ ಮೆಟ್ಟಿಲಲ್ಲಿ ಕ್ಯಾಬಿನೆಟ್ ಹೊತ್ತು ಹತ್ತಬೇಕು, ಲಿಫ್ಟ್ ಇಲ್ಲ. ಮನೆಗೆ, ಅಂಗಡಿಗೆ ಬಂದು ನೋಡುವ ಕ್ರಮವೂ ಇಲ್ಲ. ಕ್ಯಾಬಿನೆಟ್ ಫ್ಯಾನ್ ಸೆಕೆಂಡ್‌ಹ್ಯಾಂಡ್ ಹಾಕಿದ್ದಾರೆ, ಸ್ವಲ್ಪ ಸದ್ದು ಮಾಡುತ್ತದೆ, ಹೊಸದಕ್ಕೆ ಹೇಳಿದ್ದರೆ ನಾನು ದುಡ್ಡು ಕೊಡುತ್ತಿದ್ದೆ.

ಹಳೆ ಡಬ್ಬಿ ಮಾನಿಟರನ್ನು ಅವರು ಮುಟ್ಟುವುದೇ ಇಲ್ಲ. ಸಿಆರ್‌ಟಿ ಒಳಗೆ ಇಪ್ಪತ್ತು ಸಾವಿರ ವೋಲ್ಟಿಗಿಂತ ಮೇಲೆ ಇರುತ್ತದೆ, ಸ್ವಿಚ್ ತೆಗೆದ ಮೇಲೂ ಉಳಿದಿರಬಹುದು, ಅಂಗಡಿಯಲ್ಲಿ ಒಬ್ಬನೇ ಇರುವಾಗ ಅದಕ್ಕೆ ಕೈ ಹಾಕುವುದಿಲ್ಲ ಅಂತ ಖಡಾಖಂಡಿತ. ಅದನ್ನು ನಾನು ದೋಷ ಅಂತ ಎಣಿಸುವುದಿಲ್ಲ. ನಮಗೆ 17 ಇಂಚಿನ ಹಳೆ ಎಲ್‌ಸಿಡಿ ಒಂದು 1,500ಕ್ಕೆ ಕೊಟ್ಟರು, ಅಗಲ ಪರದೆಯದ್ದಲ್ಲ, ಚೌಕದ ಹತ್ತಿರ ಇರುವಂಥದ್ದು. ಪೇಜ್‌ಮೇಕರಿಗೆ ಅದೇ ಹೇಳಿ ಮಾಡಿಸಿದ್ದು, ನಿಂತ ಪುಟ ಪೂರ್ತಿ ಕಾಣುತ್ತದೆ. ಅಲ್ಲಿಗೆ ಎಲ್ಲ ಸೇರಿ 6,600 ರೂಪಾಯಿ. ಕೆಪಾಸಿಟರ್ ಕೆಲಸಕ್ಕೆ ಆರು ತಿಂಗಳ ಮಾತು ಕೊಟ್ಟಿದ್ದಾರೆ, ಇಡೀ ಕಂಪ್ಯೂಟರಿಗೆ ಗ್ಯಾರಂಟಿ ಕೊಡಲು ಆಗುವುದಿಲ್ಲ ಅಂತ ಮೊದಲೇ ಹೇಳಿದ್ದರು. ಹಳೆ ಹಾರ್ಡ್‌ಡಿಸ್ಕನ್ನು ಕೇಳದೆಯೇ ವಾಪಸ್ ಕೊಟ್ಟರು. ಪ್ರತಿ ವಯರಿಗೂ ಕನ್ನಡದಲ್ಲಿ ಚೀಟಿ ಅಂಟಿಸಿದ್ದಾರೆ: ಡೋಂಗಲ್, ಕೀಬೋರ್ಡ್, ಮೌಸ್, ಲ್ಯಾನ್. ನಾನು ಇಲ್ಲದ ದಿನ ಅತ್ತೆಯವರೇ ಕೂಡ ಜೋಡಿಸಬಹುದು.

ಗೇಮ್ ಆಡಲಿಕ್ಕೆ, ಇಂಟರ್‌ನೆಟ್ ನೋಡಲಿಕ್ಕೆ ಹಳೆ ಕಂಪ್ಯೂಟರ್ ಸರಿ ಮಾಡಿಸುವುದಾದರೆ ಇಷ್ಟು ಖರ್ಚು ಬೇಡ, ಪೆಂಟಿಯಂ 3ರಲ್ಲಿ ಈಗಿನ ದೊಡ್ಡ ಬ್ರೌಸರ್ ಯಾವುದೂ ಓಡುವುದಿಲ್ಲ, ಅವರೂ ಅದನ್ನೇ ಹೇಳಿ ವಾಪಸ್ ಕಳಿಸುತ್ತಾರೆ. ಟಕ್ ಟಕ್ ಶಬ್ದ ಮಾಡುವ ಹಾರ್ಡ್‌ಡಿಸ್ಕ್ ಆದರೆ ಅದನ್ನು ಅವರು ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಬೇರೆ ಸಲಕರಣೆ ಬೇಕು, ನೀವೂ ಮತ್ತೆ ಮತ್ತೆ ಆನ್ ಮಾಡಬೇಡಿ. ಆದರೆ ಹಳೆ ಸಾಫ್ಟ್‌ವೇರಿನಲ್ಲಿ ಕಟ್ಟಿಹಾಕಿಕೊಂಡ ಕೆಲಸ ಇದ್ದರೆ, ಡಿಟಿಪಿಯವರು, ಹಳೆ ಲೆಕ್ಕದ ಪ್ರೋಗ್ರಾಂ ಇಟ್ಟುಕೊಂಡ ಸೊಸೈಟಿಯವರು, ಹಳೆ ಕಟ್ಟಿಂಗ್ ಪ್ಲಾಟರ್ ಇರುವವರು, ಹೊಸದಕ್ಕೆ ದುಡ್ಡು ಕೊಡುವ ಮೊದಲು ಇಲ್ಲಿ ತೋರಿಸಿ. ಹೋಗುವಾಗ ಸಿಪಿಯು ಮಾತ್ರ ಅಲ್ಲ, ಡೋಂಗಲ್, ಸಾಫ್ಟ್‌ವೇರ್ ಸಿಡಿ, ಗುಂಡಗಿನ ಪಿನ್ನಿನ ಕೀಬೋರ್ಡ್ ಎಲ್ಲ ತೆಗೆದುಕೊಂಡು ಹೋಗಿ. ಕಂಪ್ಯೂಟರ್ ಈಗ ಏಳುತ್ತಿದ್ದರೆ ಇವತ್ತೇ ಬಯೋಸ್ ತೆರೆದು ಪುಟ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಮುಖ್ಯವಾಗಿ ಪ್ಯಾರಲಲ್ ಪೋರ್ಟಿನ ಪುಟ. ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚುತ್ತಾರೆ, ಬೆಳಗ್ಗೆ ಹೋದರೆ ಕೂತು ಮಾತಾಡಲು ಸಿಗುತ್ತಾರೆ.